ದುಡ್ಡು ತಪ್ಪಿಹೋದರೆ ಯಾರನ್ನು ಕೇಳುವುದು?

ಹೊಸ ಡಿಜಿಟಲ್ ಸೇವೆಯೊಂದು ಬಡ ಪ್ರದೇಶಗಳಲ್ಲಿ ಬೇರೂರದೆ ಹೋದಾಗ ಅದನ್ನು ತಂದವರು ಕೊಡುವ ವಿವರಣೆ ಸಾಮಾನ್ಯವಾಗಿ ಒಂದೇ: ಜನರಿಗೆ ಓದು ಸಾಲದು, ಹೊಸದೆಂದರೆ ಅಂಜುತ್ತಾರೆ, ತಿಳಿವಳಿಕೆ ಮೂಡಿಸಬೇಕು. ಶಿಬಿರ, ಕರಪತ್ರ, ಬೀದಿನಾಟಕಗಳಿಗೆ ಹಣ ಸುರಿಯುವುದು ಈ ನಂಬಿಕೆಯಿಂದಲೇ. ಕಳೆದ ಎರಡು ದಶಕಗಳ ಅನುಭವ ಬೇರೆಯದನ್ನೇ ಹೇಳುತ್ತದೆ. ಕೈಯಲ್ಲಿ ಕಡಿಮೆ ಹಣವಿರುವವರು ಹೊಸ ತಂತ್ರಜ್ಞಾನವನ್ನು ತೂಗಿ ನೋಡುವಾಗ ಮೊದಲು ಯೋಚಿಸುವುದು, ಅದು ಕೈಕೊಟ್ಟರೆ ನಷ್ಟ ಯಾರ ತಲೆಗೆ, ಆಗ ಯಾರ ಬಳಿ ಹೋಗಿ ಕೇಳಬಹುದು ಎಂಬುದನ್ನು. ಬಳಸುವುದು ಸುಲಭವೋ ಕಷ್ಟವೋ ಎಂಬುದು ಆಮೇಲಿನ ಮಾತು.

ಸಂಶೋಧಕರು ಈ ಅಂಶಕ್ಕೆ ತಡವಾಗಿ ಗಮನ ಕೊಟ್ಟದ್ದಕ್ಕೆ ಕಾರಣವಿದೆ ಎಂದು ನನಗನಿಸುತ್ತದೆ. ತಂತ್ರಜ್ಞಾನದ ಸ್ವೀಕಾರವನ್ನು ಅಧ್ಯಯನ ಮಾಡುವ ಎಲ್ಲರೂ ಉಲ್ಲೇಖಿಸುವ ಮಾದರಿಯನ್ನು ಅಮೆರಿಕದ ಫ್ರೆಡ್ ಡೇವಿಸ್ 1989ರಲ್ಲಿ ಪ್ರಕಟಿಸಿದರು. ಇದರಿಂದ ನನಗೆ ಉಪಯೋಗವಿದೆ ಎಂಬ ಭಾವನೆ, ಇದನ್ನು ಬಳಸುವುದು ಸುಲಭ ಎಂಬ ಭಾವನೆ, ಇವೆರಡೂ ಸೇರಿ ಸ್ವೀಕಾರವನ್ನು ನಿರ್ಧರಿಸುತ್ತವೆ; ಎರಡರಲ್ಲಿ ಉಪಯೋಗದ ತೂಕವೇ ಹೆಚ್ಚು ಎಂದು ಅವರು ಅಂಕಿಅಂಶಗಳಿಂದ ತೋರಿಸಿದರು. ಅದು ಗಟ್ಟಿ ಕೆಲಸವೇ. ಆದರೆ ಅವರು ಪ್ರಶ್ನಿಸಿದ್ದು ಟೊರಾಂಟೊದ ಐಬಿಎಂ ಪ್ರಯೋಗಾಲಯದ ನೌಕರರನ್ನು ಮತ್ತು ಬಾಸ್ಟನ್ನಿನ ಎಂಬಿಎ ವಿದ್ಯಾರ್ಥಿಗಳನ್ನು. ಕಚೇರಿಯ ಕಂಪ್ಯೂಟರಿನಲ್ಲಿ ಇಮೇಲ್ ಕೆಟ್ಟರೆ ನೌಕರನ ಸಂಬಳಕ್ಕೆ ಕತ್ತರಿ ಬೀಳುವುದಿಲ್ಲ. ಸೋಲಿನ ಬೆಲೆ ತೆರಬೇಕಾಗಿಲ್ಲದವರ ನಡುವೆ ಹುಟ್ಟಿದ ಮಾದರಿಯಲ್ಲಿ ಆ ಬೆಲೆಗೆ ಜಾಗ ಇಲ್ಲದಿರುವುದು ಸಹಜ. ದಿನಗೂಲಿಯ ಮನೆಯಲ್ಲಿ ಅದೇ ಮೊದಲ ಲೆಕ್ಕ.

ಮೊಬೈಲಿನಲ್ಲೇ ಹಣ ಕಳಿಸುವ ಕೀನ್ಯಾದ ಸೇವೆ ಎಂ-ಪೆಸಾ ಈ ಲೆಕ್ಕವನ್ನು ಬಿಡಿಸಿ ತೋರಿಸುತ್ತದೆ. 2007ರ ಮಾರ್ಚಿನಲ್ಲಿ ಸಫಾರಿಕಾಂ ಎಂಬ ಮೊಬೈಲ್ ಕಂಪನಿ ಅದನ್ನು ಆರಂಭಿಸಿದಾಗ ಆ ದೇಶದಲ್ಲಿ ಬ್ಯಾಂಕ್ ಖಾತೆ ಇದ್ದದ್ದು ವಯಸ್ಕರಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಜನರಿಗೆ ಮಾತ್ರ. ನೈರೋಬಿಯಲ್ಲಿ ದುಡಿಯುವವರು ಊರಿಗೆ ಹಣ ಕಳಿಸಲು ಬಸ್ಸಿನವರನ್ನೋ ಊರಿಗೆ ಹೊರಟ ನೆಂಟರನ್ನೋ ನೆಚ್ಚಬೇಕಿತ್ತು. ದಾರಿಯಲ್ಲಿ ಹಣ ಕಳೆದರೆ ಅಷ್ಟೇ. ಎಂ-ಪೆಸಾ ಹೊಸ ಆಸೆಯನ್ನೇನೂ ಹುಟ್ಟಿಸಲಿಲ್ಲ, ಜನ ಆಗಲೇ ಮಾಡುತ್ತಿದ್ದ ಕೆಲಸವನ್ನು ಕೈಗೆತ್ತಿಕೊಂಡಿತು. ಸ್ಮಾರ್ಟ್‌ಫೋನ್ ಬೇಕಿರಲಿಲ್ಲ, ಗುಂಡಿ ಒತ್ತುವ ಸಾದಾ ಫೋನು ಸಾಕಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಬೀದಿಬೀದಿಯಲ್ಲಿ ಏಜೆಂಟರಿದ್ದರು. ಅವರಲ್ಲಿ ಎಷ್ಟೋ ಮಂದಿ ಮೊದಲಿನಿಂದ ಅಲ್ಲೇ ಅಂಗಡಿ ಇಟ್ಟವರು, ಮುಖಪರಿಚಯದವರು. ನೋಟು ಕೊಟ್ಟರೆ ಏಜೆಂಟ್ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಳ್ಳುತ್ತಿದ್ದ. ಅವನ ಫೋನಿಗೂ ಗ್ರಾಹಕನ ಫೋನಿಗೂ ಕೂಡಲೇ ಎಸ್ಸೆಮ್ಮೆಸ್ ಬರುತ್ತಿತ್ತು. ಹಣ ಕಟ್ಟಲು ಶುಲ್ಕವಿರಲಿಲ್ಲ, ಹಾಗಾಗಿ ಅಂಜುವವರು ಸ್ವಲ್ಪ ಹಣ ಕಟ್ಟಿ, ಅದು ವಾಪಸು ಸಿಗುತ್ತದೆಯೇ ಎಂದು ಕಡಿಮೆ ಖರ್ಚಿನಲ್ಲೇ ಪರೀಕ್ಷಿಸಿ ನೋಡಬಹುದಿತ್ತು. ಅರ್ಥಶಾಸ್ತ್ರಜ್ಞರಾದ ತವ್ನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಾಯಿಲೆ, ಬೆಳೆನಾಶದಂಥ ಪೆಟ್ಟು ಬಿದ್ದಾಗ ಎಂ-ಪೆಸಾ ಬಳಸದ ಕುಟುಂಬಗಳ ಖರ್ಚು ಸುಮಾರು ಶೇ. 7ರಷ್ಟು ಕುಸಿಯುತ್ತಿತ್ತು, ಬಳಸುವವರ ಖರ್ಚು ಕುಸಿಯಲಿಲ್ಲ. ದೂರದ ಬಂಧುಗಳಿಂದ ಅವರಿಗೆ ತಕ್ಷಣ ನೆರವು ತಲುಪುತ್ತಿತ್ತು.

ಇದು ಏಜೆಂಟರ ಮಹಿಮೆಯಲ್ಲ, ಮಾರುಕಟ್ಟೆಯಲ್ಲಿ ಸಫಾರಿಕಾಂಗಿದ್ದ ಪ್ರಾಬಲ್ಯದ ಫಲ ಎನ್ನುವವರಿದ್ದಾರೆ. ಬಹುಪಾಲು ಜನ ಒಂದೇ ಕಂಪನಿಯ ಸಿಮ್ ಇಟ್ಟುಕೊಂಡಿದ್ದರಿಂದ ಸೇವೆ ಬೇಗ ಹಬ್ಬಿತೆಂಬುದು ನಿಜ. ಆದರೆ ದೊಡ್ಡ ಕಂಪನಿಯ ಬಲವೊಂದೇ ಸಾಕಾಗಿದ್ದರೆ ದಕ್ಷಿಣ ಆಫ್ರಿಕಾದಲ್ಲೂ ಅದು ಗೆಲ್ಲಬೇಕಿತ್ತು. ಅಲ್ಲಿನ ದೊಡ್ಡ ಮೊಬೈಲ್ ಕಂಪನಿ ವೊಡಾಕಾಂ 2010ರಲ್ಲಿ ತಂದ ಎಂ-ಪೆಸಾ 2016ರಲ್ಲಿ ಬಾಗಿಲು ಹಾಕಿತು. ಬ್ಯಾಂಕು, ಎಟಿಎಂಗಳ ಜಾಲ ಆಗಲೇ ಇದ್ದ ಆ ದೇಶದಲ್ಲಿ ಅದು ನೀಗಿಸಬೇಕಾದ ಕೊರತೆಯೇ ಚಿಕ್ಕದಾಗಿತ್ತು. ಭಾರತಕ್ಕೆ 2013ರಲ್ಲಿ ಬಂದ ಎಂ-ಪೆಸಾ ಕೂಡ 2019ಕ್ಕೆ ನಿಂತಿತು. ಅದೇ ಹೊತ್ತಿಗೆ ಇಲ್ಲಿ 2016ರಲ್ಲಿ ಶುರುವಾದ ಯುಪಿಐ ಹಬ್ಬುತ್ತಿತ್ತು.

ಯುಪಿಐಗೆ ಬೀದಿಯ ಏಜೆಂಟ್ ಎಲ್ಲಿದ್ದ ಎಂದು ಕೇಳಬಹುದು. ಇದು ನನ್ನ ವಾದಕ್ಕೆ ಎದುರಾಗುವ ಕಠಿಣ ಆಕ್ಷೇಪ. ಉತ್ತರದ ಒಂದು ಭಾಗ, ಹಣ ಜನರ ಹಳೆಯ ಬ್ಯಾಂಕ್ ಖಾತೆಯಲ್ಲೇ ಉಳಿಯಿತು. ಹೊಸ ಆ್ಯಪ್ ಅನ್ನು ನಂಬಿ ಅದರಲ್ಲಿ ಹಣ ಇಡಬೇಕಾಗಿರಲಿಲ್ಲ. ಇನ್ನೊಂದು ಭಾಗ ಅಂಗಡಿಯ ಕಟ್ಟೆಯ ಮೇಲಿದೆ. ಸೊಪ್ಪು ಮಾರುವವರಿಗೆ ಗಿರಾಕಿ ತೋರಿಸುವ ಸ್ಕ್ರೀನ್ ಸುಳ್ಳಿರಬಹುದೆಂಬ ಭಯವಿತ್ತು. ಬಂದ ಮೊತ್ತವನ್ನು ಕನ್ನಡದಲ್ಲೇ ಕೂಗಿ ಹೇಳುವ ಪುಟ್ಟ ಸೌಂಡ್‌ಬಾಕ್ಸ್ ಆ ಭಯವನ್ನು ಬಹುಮಟ್ಟಿಗೆ ಕಳೆಯಿತು. ಓದಲು ಬಾರದವರಿಗೂ ಗಿರಾಕಿ ಎದುರಿಗೆ ನಿಂತಿರುವಾಗಲೇ ಪುರಾವೆ ಸಿಗುತ್ತದೆ, ತಗಾದೆಯಿದ್ದರೆ ಅಲ್ಲೇ ಮುಗಿಯುತ್ತದೆ.

ನಷ್ಟ ಯಾರ ತಲೆಗೆ ಎಂಬುದೇ ಮೊದಲ ಲೆಕ್ಕವಾದ್ದರಿಂದ ಬಳಕೆಯ ಅಂಕಿ ಏರಿದ್ದನ್ನೇ ಸ್ವೀಕಾರವೆಂದು ಓದಬಾರದು. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತದೆ ಅಕ್ಕಿ ಇಲ್ಲವೆಂದರೆ ಎಲ್ಲರೂ ಒತ್ತುತ್ತಾರೆ. ಗಾರೆ ಕೆಲಸದಲ್ಲಿ ರೇಖೆ ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದರೆ, ಸರ್ವರ್ ಇಲ್ಲವೆಂದು ಅಂಗಡಿಯವರು ಕೈಚೆಲ್ಲಿದರೆ, ಒಂದು ದಿನದ ಕೂಲಿ ಕಳೆದುಕೊಂಡು ಮತ್ತೆ ಬರುವವರು ಫಲಾನುಭವಿಗಳೇ. ಅಲ್ಲಿ ದಾಖಲಾಗುವುದು ಯಶಸ್ವಿಯಾದ ಹೆಬ್ಬೆಟ್ಟುಗಳ ಸಂಖ್ಯೆ. ಬರಿಗೈಯಲ್ಲಿ ಮರಳಿದವರ ಅಲೆದಾಟಕ್ಕೆ ಅದರಲ್ಲಿ ಲೆಕ್ಕವಿಲ್ಲ.

ತಿಳಿವಳಿಕೆ ಬಂದ ಮೇಲೆ ಜನ ಹಿಂದೆ ಸರಿಯುವುದಿಲ್ಲ ಎಂಬ ನಂಬಿಕೆಯೂ 2025ರ ಜುಲೈನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಸುಳ್ಳಾಯಿತು. ಯುಪಿಐ ವಹಿವಾಟಿನ ದಾಖಲೆ ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದಾಗ ಹಲವರು ಕ್ಯೂಆರ್ ಕೋಡ್ ಕಿತ್ತು, ನಗದು ಮಾತ್ರ ಎಂದು ಬರೆದು ಅಂಟಿಸಿದರು. ವರ್ಷಗಟ್ಟಲೆ ದಿನಕ್ಕೆ ನೂರಾರು ಬಾರಿ ಯುಪಿಐ ಬಳಸಿದವರು ಅವರು. ಅದರ ಉಪಯೋಗ, ಸುಲಭತೆ ಎರಡನ್ನೂ ಚೆನ್ನಾಗಿ ಬಲ್ಲವರು. ತೆರಿಗೆ ಕಾನೂನು ಎಲ್ಲರಿಗೂ ಒಂದೇ ಎಂಬ ಮಾತು ಸರಿಯೇ. ಆದರೆ ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಮಾಲಿನ ವಹಿವಾಟೂ ಆ ಮೊತ್ತದಲ್ಲಿ ಸೇರಿತ್ತು, ಅದನ್ನು ಬಿಡಿಸಿ ತೋರಿಸುವ ಹೊಣೆ ಲೆಕ್ಕಪತ್ರ ಇಡದ ವ್ಯಾಪಾರಿಯ ಮೇಲೆ ಬಿತ್ತು. ತಂತ್ರಜ್ಞಾನ ಬದಲಾಗದಿದ್ದರೂ ಅದರಿಂದ ಬರಬಹುದಾದ ನಷ್ಟ ರಾತ್ರಿ ಬೆಳಗಾಗುವುದರೊಳಗೆ ಬದಲಾಗಿತ್ತು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳೇ ವ್ಯಾಪಾರಿಗಳ ಸಭೆ ಕರೆದು ಭರವಸೆ ಕೊಡಬೇಕಾಯಿತು.