ನಿಮಗಿದು ಗೊತ್ತೆ? ದೇಶಕ್ಕೇ ಮಾದರಿ ಬಳ್ಳಾರಿ!
ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತವರು ನಮ್ಮ ಬಳ್ಳಾರಿ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಈ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಹಳ್ಳಿಹಳ್ಳಿಗೂ ಕಳಿಸುವಷ್ಟು ಮನೋವೈದ್ಯರು ಆಗೆಲ್ಲಿದ್ದರು? (ಈಗಲೂ ಇಲ್ಲ ಬಿಡಿ.) ಹಾಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟರು. ಜ್ವರ, ಕೆಮ್ಮಿಗೆ ಮಾತ್ರೆ ಸಿಗುವ ಕಡೆಯೇ ಮನೋರೋಗಕ್ಕೂ, ಮೂರ್ಛೆರೋಗಕ್ಕೂ ಔಷಧ ಸಿಗತೊಡಗಿತು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಇದನ್ನು ಕೇಂದ್ರ ಸರ್ಕಾರ 1996ರಿಂದ ಬೇರೆ ರಾಜ್ಯಗಳಿಗೂ ಹಬ್ಬಿಸಿತು.

ಔಷಧವಷ್ಟೇ ಅಲ್ಲ, ಖಿನ್ನತೆಗೆ ಮಾತಿನ ಚಿಕಿತ್ಸೆಯೂ ಉಂಟು. ಅದರಲ್ಲೊಂದು ಬಗೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ‘ನನ್ನ ಕೈಲಿ ಏನೂ ಆಗದು’ ಎಂಬ ಯೋಚನೆ ಎಷ್ಟು ನಿಜ ಎಂದು ರೋಗಿಯೇ ತೂಗಿ ನೋಡಬೇಕು. ಬಿಟ್ಟ ಕೆಲಸಗಳನ್ನು ಒಂದೊಂದಾಗಿ ಮತ್ತೆ ಹಿಡಿಯಬೇಕು. ಈ ಎರಡನೆಯ ಭಾಗವನ್ನು ತರಬೇತಿ ಪಡೆದ ಸಾಮಾನ್ಯರೂ ಆರೆಂಟು ಭೇಟಿಗಳಲ್ಲಿ ಕಲಿಸಬಲ್ಲರು ಎಂದು ಗೋವಾದಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಲ್ಲೂ ಬಳ್ಳಾರಿಯದೇ ಯುಕ್ತಿ!

ಮನಸ್ಸಿನ ತೊಂದರೆಗೆ ವೈದ್ಯರನ್ನು ಕಾಣಲು ಸಿರುಗುಪ್ಪ, ಕುರುಗೋಡಿನವರು ಬಳ್ಳಾರಿ ಬಸ್ ಹತ್ತುವ ಮೊದಲೇ ಫೋನಿನಲ್ಲಿ ಕನ್ನಡದಲ್ಲಿ ಮಾತಾಡಬಹುದು: ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416. ಹಗಲೂ ರಾತ್ರಿ, ಉಚಿತ.