ಬಂಡೆಯೇ ಪರೀಕ್ಷಕ

ಲಾಲ್‌ಬಾಗಿಗೆ ಹೋದವರೆಲ್ಲ ಕೆಂಪೇಗೌಡರ ಗೋಪುರವನ್ನು ಕಂಡು ಬರುತ್ತಾರೆ. ಅದನ್ನು ಹೊತ್ತಿರುವ ಬಂಡೆಯನ್ನು ಗಮನಿಸುವವರು ವಿರಳ. ಸುಮಾರು 300 ಕೋಟಿ ವರ್ಷ ಪ್ರಾಯದ ಆ ‘ನೈಸ್’ ಶಿಲೆ ಭೂವಿಜ್ಞಾನದ ವಿದ್ಯಾರ್ಥಿಗಳಿಗೆ ತೆರೆದಿಟ್ಟ ಪುಸ್ತಕ.

ಈ ಶಾಸ್ತ್ರದಲ್ಲಿ ಪಾಠ ಕೇಳಿದ ಮಾತ್ರಕ್ಕೆ ಪದವಿ ಕೈಗೂಡದು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ಚೌಕಟ್ಟಿನಂತೆ 15 ಗಂಟೆಗಳ ಉಪನ್ಯಾಸಕ್ಕೆ ಒಂದು ಕ್ರೆಡಿಟ್. ಕ್ಷೇತ್ರಕಾರ್ಯಕ್ಕಾದರೆ 30 ಗಂಟೆ ದುಡಿಯಬೇಕು. ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯೊಡನೆ ಆನರ್ಸ್ ಬಯಸುವವರ ಯೋಜನಾಕಾರ್ಯಕ್ಕೆ 12 ಕ್ರೆಡಿಟ್.

ಶಿಲಾಪದರದ ದಿಕ್ಕನ್ನೂ ಓಟವನ್ನೂ ದಿಕ್ಸೂಚಿಯಿಂದ ಅಳೆದು, ಸುತ್ತಿಗೆಯಿಂದ ತೆಗೆದ ತುಣುಕಿಗೆ ಅಂಕಿಯಿತ್ತು, ಅದು ದೊರೆತ ಸ್ಥಳವನ್ನು ನಕ್ಷೆಯಲ್ಲಿ ಗುರುತಿಸಿ, ಕೊನೆಗೆ ವರದಿ ಬರೆಯಬೇಕು. ಲಾಲ್‌ಬಾಗಿನ ಬಂಡೆಯಾದರೋ ರಾಷ್ಟ್ರೀಯ ಸ್ಮಾರಕ. ಅಲ್ಲಿ ಕಣ್ಣಿಗೆ ಕೆಲಸವೇ ಹೊರತು ಸುತ್ತಿಗೆಗಲ್ಲ.

“ಮಗಳು ಬಿಸಿಲಲ್ಲಿ ಬೆಟ್ಟ ಸುತ್ತುವುದೇಕೆ? ಗೆಳತಿಯ ಟಿಪ್ಪಣಿ ನೋಡಿ ಬರೆದರಾಗದೆ?” ಎಂದು ಮರುಗುವ ತಾಯ್ತಂದೆಯರುಂಟು. ಆಗದು. ನಮ್ಮ ಗಟ್ಟಿಶಿಲೆಯ ನಾಡಿನಲ್ಲಿ ಅಂತರ್ಜಲ ಹೆಚ್ಚಾಗಿ ಅಡಗಿರುವುದು ಬಿರುಕುಗಳಲ್ಲಿ. ಬಿರುಕನ್ನು ಓದಲರಿಯದವರ ಮಾತು ನಂಬಿ ಕೊಳವೆಬಾವಿ ಕೊರೆಯಿಸಿದ ರೈತನಿಗೆ ಉಳಿಯುವುದು ಸಾಲವೊಂದೇ. ಆದ್ದರಿಂದ ಮಕ್ಕಳು ಬೆಟ್ಟಕ್ಕೆ ಹೊರಟಾಗ ತಡೆಯದೆ ಬುತ್ತಿ ಕಟ್ಟಿಕೊಡುವುದೇ ಹಿರಿಯರಿಗೆ ಉಚಿತ.