ಗಾಳಿ ಪಿಸ್ತೂಲು ಬಂದೂಕಾದ ಬಗೆ

ಜಾತ್ರೆಯ ಬಯಲಿನಲ್ಲಿ ಬೆಂಡು ಬತ್ತಾಸಿನ ಅಂಗಡಿಗಳನ್ನು ದಾಟಿ ಮುಂದೆ ನಡೆದರೆ, ಒಂದು ಹಲಗೆಯ ಮೇಲೆ ಬಣ್ಣಬಣ್ಣದ ಬಲೂನುಗಳನ್ನು ಸಾಲಾಗಿ ಕಟ್ಟಿರುವುದು ಕಾಣುತ್ತದೆ. ಮಗ ತಂದೆಯ ಕೈಯನ್ನು ಜಗ್ಗುತ್ತಾನೆ. ಅಂಗಡಿಯವನು ಬಂದೂಕಿನ ನಳಿಗೆಯನ್ನು ಮಡಿಸಿ, ಸಣ್ಣದೊಂದು ಸೀಸದ ಗುಂಡನ್ನಿರಿಸಿ, ಮತ್ತೆ ನೆಟ್ಟಗೆ ಮಾಡಿ ಹುಡುಗನ ಕೈಗೆ ಕೊಡುತ್ತಾನೆ. ಹತ್ತು ಗುಂಡುಗಳಿಗೆ ಒಡೆಯುವುದು ಮೂರೇ ಬಲೂನು. ಹುಡುಗನ ಮುಖ ಬಾಡುತ್ತದೆ. ಆಗ ತಂದೆ ಆಡುವ ಸಮಾಧಾನದ ಮಾತು ಎಲ್ಲ ಜಾತ್ರೆಗಳಲ್ಲಿಯೂ ಒಂದೇ: “ತಪ್ಪು ನಿನ್ನದಲ್ಲಪ್ಪ, ಇವರ ಬಂದೂಕಿನ ನಳಿಗೆಯೇ ಸೊಟ್ಟ!”

ತಪ್ಪು ನಿಜವಾಗಿ ಯಾರದು? ನಳಿಗೆಯದೋ, ಕೈಯದೋ? ಬಹುಮಂದಿ ಈ ಪ್ರಶ್ನೆಯನ್ನು ಜಾತ್ರೆಯಲ್ಲಿಯೇ ಬಿಟ್ಟು ಮನೆಗೆ ಮರಳುತ್ತಾರೆ. ಆದರೆ ಬಿಚ್ಚಿ ನೋಡಿ ಬಗೆಹರಿಸಿಕೊಳ್ಳದ ಹೊರತು ನಿದ್ರೆ ಬಾರದ ಜನರೂ ಲೋಕದಲ್ಲಿದ್ದಾರೆ. ಅಮೆರಿಕದಲ್ಲಿ ಅಂಥವರದೇ ಒಂದು ದೊಡ್ಡ ಬಳಗವಿದೆ. ಅಗ್ಗದ ಗಾಳಿ ಪಿಸ್ತೂಲೊಂದನ್ನು ಕೊಂಡು, ಅದರ ಅಂಗಗಳನ್ನು ಒಂದೊಂದಾಗಿ ಬದಲಿಸುತ್ತ, ಕೊನೆಗೆ ಅದನ್ನು ಹೆಗಲಿಗೇರಿಸುವ ಚಿಕ್ಕ ಬಂದೂಕನ್ನಾಗಿ ಮಾರ್ಪಡಿಸುವುದು ಅವರ ಹವ್ಯಾಸ.

ಬರಿಯ ಆಟಿಕೆಯಲ್ಲ

ಗಾಳಿಯ ಬಲದಿಂದ ಗುಂಡನ್ನು ಹಾರಿಸುವ ವಿದ್ಯೆ ಹೊಸದೇನೂ ಅಲ್ಲ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಗಿರಾರ್ಡೋನಿ ಎಂಬ ಕುಶಲಕರ್ಮಿ ರೂಪಿಸಿದ ಗಾಳಿಬಂದೂಕನ್ನು ಆಸ್ಟ್ರಿಯದ ಸೇನೆಯೇ ಉಪಯೋಗಿಸಿತು. ಅದಕ್ಕೆ ಮದ್ದಿನ ಹಂಗಿಲ್ಲ, ಹೊಗೆಯಿಲ್ಲ; ಇಪ್ಪತ್ತು ಗುಂಡುಗಳನ್ನು ಒಂದರ ಹಿಂದೊಂದರಂತೆ ಹಾರಿಸಬಹುದಾಗಿತ್ತು. ೧೮೦೪ರಿಂದ ೧೮೦೬ರವರೆಗೆ ಅಮೆರಿಕ ಖಂಡವನ್ನು ಅಡ್ಡಹಾಯ್ದು ಹೋಗಿ ಬಂದ ಲೂಯಿಸ್ ಮತ್ತು ಕ್ಲಾರ್ಕರ ಶೋಧಕ ತಂಡವೂ ಒಂದು ಗಾಳಿಬಂದೂಕನ್ನು ಜೊತೆಗೆ ಒಯ್ದಿತ್ತು.

ಅದೇ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ೧೯೨೩ರಲ್ಲಿ ಗಾಳಿಬಂದೂಕುಗಳ ತಯಾರಿಕೆಯನ್ನು ಆರಂಭಿಸಿದ ಸಂಸ್ಥೆ ಕ್ರಾಸ್‌ಮನ್. ೧೯೫೪ರಲ್ಲಿ ಆ ಸಂಸ್ಥೆ ೧೫೦ ಎಂಬ ಸಂಖ್ಯೆಯ ಪಿಸ್ತೂಲನ್ನು ಹೊರತಂದಿತು. ಇದಕ್ಕೆ ಪಂಪು ಒತ್ತುವ ಶ್ರಮವಿರಲಿಲ್ಲ. ಹಿಂದೆ ಮನೆಗಳಲ್ಲಿ ಸೋಡಾ ಮಾಡುವ ಸೀಸೆಗೆ ಚುಚ್ಚುತ್ತಿದ್ದ ಪುಟ್ಟ ಉಕ್ಕಿನ ಬುಡ್ಡಿಯನ್ನು ಕಂಡವರಿಗೆ ಇದರ ಗುಟ್ಟು ಸುಲಭವಾಗಿ ತಿಳಿದೀತು. ಅಂಥದೇ ಬುಡ್ಡಿಯೊಳಗೆ ದ್ರವರೂಪದಲ್ಲಿ ಅಡಗಿದ ಇಂಗಾಲಾಮ್ಲ ವಾಯುವೇ ಈ ಪಿಸ್ತೂಲಿನ ಪ್ರಾಣ. ೧೫೦ರ ತಯಾರಿಕೆ ೧೯೬೭ರಲ್ಲಿ ನಿಂತಿತಾದರೂ ಅದರ ವಂಶ ನಿಲ್ಲಲಿಲ್ಲ. ೧೯೯೦ರ ದಶಕದ ಕೊನೆಗೆ ೨೨೪೦ ಎಂಬ ಪಿಸ್ತೂಲು ಬಂದಿತು. ಬಹುಕಾಲ ನೂರು ಡಾಲರಿಗಿಂತ ಕಡಿಮೆಗೆ ದೊರೆಯುತ್ತಿದ್ದ ಇದೇ ನಮ್ಮ ಹವ್ಯಾಸಿಗಳ ಕಣ್ಮಣಿ.

ಒಳಗಿನ ಕಾರ್ಯಕ್ರಮ

೨೨೪೦ರ ಒಳಗಿನ ಏರ್ಪಾಡು ಸರಳವಾದದ್ದು. ಕೆಳಗಿನ ಕೊಳವೆಯಲ್ಲಿ ೧೨ ಗ್ರಾಂ ಅನಿಲದ ಬುಡ್ಡಿ ಕೂರುತ್ತದೆ. ಅದರ ಹಿಂದೊಂದು ಕವಾಟ. ಕವಾಟಕ್ಕೆ ಎದುರಾಗಿ ಸ್ಪ್ರಿಂಗಿನ ಬಲದಲ್ಲಿ ಕಾದು ನಿಂತ ಒಂದು ಸುತ್ತಿಗೆ. ಕುದುರೆಯನ್ನು, ಎಂದರೆ ಟ್ರಿಗರನ್ನು, ಎಳೆದೊಡನೆ ಸುತ್ತಿಗೆ ಹಾರಿ ಕವಾಟವನ್ನು ಬಡಿಯುತ್ತದೆ. ಕಣ್ಣೆವೆ ಇಕ್ಕುವುದಕ್ಕಿಂತಲೂ ಕಡಿಮೆ ಕಾಲ ಕವಾಟ ತೆರೆದು ಮುಚ್ಚುತ್ತದೆ. ಆ ಅವಕಾಶದಲ್ಲಿ ನುಗ್ಗಿದ ಅನಿಲ ಒಂದು ಸಣ್ಣ ರಂಧ್ರದ ಮೂಲಕ ಮೇಲಿನ ನಳಿಗೆಗೆ ಏರಿ, ಅಲ್ಲಿ ಕುಳಿತ ಸೀಸದ ಗುಂಡನ್ನು ಹಿಂದಿನಿಂದ ದೂಡುತ್ತದೆ.

ಗುಂಡಿನ ಅಡ್ಡಳತೆ ೫.೫ ಮಿಲಿಮೀಟರ್, ತೂಕ ಒಂದು ಗ್ರಾಂಗಿಂತ ಸ್ವಲ್ಪ ಕಡಿಮೆ. ತಯಾರಕರು ಹೇಳುವ ಗರಿಷ್ಠ ವೇಗ ಸೆಕೆಂಡಿಗೆ ೪೬೦ ಅಡಿ. ಲೆಕ್ಕ ಹಾಕಿದರೆ ಅದರ ಶಕ್ತಿ ಸುಮಾರು ೯ ಜೂಲ್ ಆಗುತ್ತದೆ. ಒಂದು ಕಿಲೋ ತೂಕದ ಕಲ್ಲು ಸೊಂಟದೆತ್ತರದಿಂದ ಬಿದ್ದರೆ ಎಷ್ಟು ಪೆಟ್ಟೋ ಅಷ್ಟು ಪೆಟ್ಟು ಒಂದು ಕಡಲೆಕಾಳಿನಷ್ಟು ಜಾಗದಲ್ಲಿ ಬೀಳುತ್ತದೆ ಎಂದು ತಿಳಿಯಬಹುದು. ಕಣ್ಣಿಗೆ ತಗುಲಿದರೆ ದೃಷ್ಟಿಯನ್ನೇ ಕಳೆಯಲು ಇಷ್ಟು ಧಾರಾಳವಾಗಿ ಸಾಕು. ಆಟದ ಸಾಮಾನೆಂದು ಇದನ್ನು ಮಕ್ಕಳ ಕೈಗೆ ಕೊಡುವಂತಿಲ್ಲ ಎಂಬುದಕ್ಕೆ ಬೇರೆ ವಾದ ಬೇಕಿಲ್ಲ.

ನೆಲಮಾಳಿಗೆಯ ಕಾರ್ಖಾನೆ

ಇಂಥ ಹವ್ಯಾಸಿಯೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಅಮೆರಿಕದ ಯಾವುದೋ ಸಣ್ಣ ಊರು, ಶನಿವಾರದ ಸಂಜೆ. ಊಟದ ಮೇಜನ್ನು ಮಡದಿ ಬಿಟ್ಟುಕೊಡದ ಕಾರಣ ಆತನ ಕಾರ್ಖಾನೆ ನೆಲಮಾಳಿಗೆಗೆ ಇಳಿದಿದೆ. ಮೇಜಿನ ಮೇಲೆ ತಿರುಪುಳಿ, ಸಣ್ಣ ಅರ, ಮರಳುಕಾಗದ, ತಿರುಪುಗಳು ಉರುಳಿಹೋಗದಂತೆ ಒಂದು ತಟ್ಟೆ. ಹತ್ತು ಮೀಟರ್ ದೂರದಲ್ಲಿ ಗುಂಡನ್ನು ತಡೆದು ಹಿಡಿಯುವ ದಪ್ಪ ಪೆಟ್ಟಿಗೆ, ಅದರ ಮುಂದೆ ಗುರಿಯ ಕಾಗದ. ಪಕ್ಕದಲ್ಲಿ ಒಂದು ಟಿಪ್ಪಣಿ ಪುಸ್ತಕ.

ಮೊದಲು ಆತ ಏನನ್ನೂ ಬದಲಿಸದೆ ಹತ್ತು ಗುಂಡು ಹೊಡೆಯುತ್ತಾನೆ. ತೂತುಗಳು ಒಂದು ಅಂಗೈಯಗಲ ಹರಡಿಕೊಳ್ಳುತ್ತವೆ. ಅನುಭವವಿಲ್ಲದವನಿಗೆ ತೋರುವ ಮೊದಲನೆಯ ಔಷಧ ಶಕ್ತಿ. ಸುತ್ತಿಗೆಯ ಸ್ಪ್ರಿಂಗನ್ನು ತೆಗೆದು ಹೆಚ್ಚು ಬಿರುಸಾದ ಸ್ಪ್ರಿಂಗನ್ನು ಹಾಕುತ್ತಾನೆ. ಕವಾಟ ಹೆಚ್ಚು ಹೊತ್ತು ತೆರೆದು ನಿಲ್ಲುತ್ತದೆ. ಸದ್ದು ಹೆಚ್ಚುತ್ತದೆ, ಬುಡ್ಡಿ ಮೊದಲಿಗಿಂತ ಬೇಗ ಬರಿದಾಗುತ್ತದೆ. ಕಾಗದದ ಮೇಲಿನ ತೂತುಗಳು ಮಾತ್ರ ಹಿಂದಿನಂತೆಯೇ ಚದುರುತ್ತವೆ. ಸದ್ದಿಗೂ ಗುರಿಗೂ ಸಂಬಂಧವಿಲ್ಲವೆಂಬ ಮೊದಲನೆಯ ಪಾಠವನ್ನು ಬರೆದುಕೊಂಡು ಆತ ಹಳೆಯ ಸ್ಪ್ರಿಂಗನ್ನೇ ಮರಳಿ ಕೂರಿಸುತ್ತಾನೆ.

ಎರಡನೆಯ ಸಲ ವಿವೇಕದಿಂದ ಹುಡುಕುತ್ತಾನೆ. ಅನಿಲ ಏರಿ ಬರುವ ರಂಧ್ರದ ಅಂಚು ಒರಟಾಗಿದ್ದರೆ, ಒಳಹೋಗುವಾಗಲೇ ಮೆತ್ತನೆಯ ಸೀಸದ ಗುಂಡಿಗೆ ಗೀರು ಬೀಳುತ್ತದೆ. ನಳಿಗೆಯ ತುದಿಯಲ್ಲಿ ಕೂದಲೆಳೆಯಷ್ಟು ಮುಳ್ಳಿದ್ದರೂ ಗುಂಡು ಹೊರಬೀಳುವ ಗಳಿಗೆಯಲ್ಲಿ ಅನಿಲ ಒಂದು ಪಕ್ಕಕ್ಕೆ ಮೊದಲು ಹಾಯ್ದು ಅದನ್ನು ವಾಲಿಸಿಬಿಡುತ್ತದೆ. ಹಾಗಾದರೆ ಜಾತ್ರೆಯ ತಂದೆಯ ಮಾತಿನಲ್ಲಿ ಸತ್ಯಾಂಶ ಇದ್ದೇ ಇದೆ! ನಳಿಗೆ ಸೊಟ್ಟಗಿರಬೇಕಾಗಿಲ್ಲ, ತುದಿಯ ನಯ ಕೆಟ್ಟಿದ್ದರೂ ಸಾಕು. ಅಗ್ಗದ ವಸ್ತುವಿಗೂ ದುಬಾರಿಯ ವಸ್ತುವಿಗೂ ಅಂತರವಿರುವುದು ಹೆಚ್ಚಾಗಿ ಇಂಥ ಕಣ್ಣಿಗೆ ಕಾಣದ ಅಂಚುಗಳಲ್ಲಿಯೇ.

ಅನಂತರ ಬರುವುದು ರೂಪಾಂತರ. ಗುಂಡನ್ನು ಇರಿಸುವ ಮೇಲ್ಭಾಗವನ್ನು ತೆಗೆದು ಅದರ ಜಾಗದಲ್ಲಿ ಉಕ್ಕಿನ ಭಾಗವನ್ನು ಕೂರಿಸಿದರೆ ದೂರದರ್ಶಕವನ್ನು ಭದ್ರವಾಗಿ ಬಿಗಿಯಬಹುದು. ಹದಿನೆಂಟು ಸೆಂಟಿಮೀಟರಿನಷ್ಟಿದ್ದ ನಳಿಗೆಯ ಬದಲು ಅದರ ಎರಡರಷ್ಟು ಉದ್ದದ್ದು ಬಂದರೆ ಅನಿಲಕ್ಕೆ ಹಿಗ್ಗಿ ದೂಡಲು ಹೆಚ್ಚು ಅವಕಾಶ ದೊರೆತು ವೇಗ ಏರುತ್ತದೆ. ಅಂದ ಮಾತ್ರಕ್ಕೆ ನಳಿಗೆಯನ್ನು ಬೆಳೆಸುತ್ತಲೇ ಹೋಗುವಂತಿಲ್ಲ. ಒಂದು ಹಂತ ದಾಟಿದ ಮೇಲೆ ಅನಿಲದ ಒತ್ತಡ ಕುಗ್ಗಿ, ಗೋಡೆಯ ಉಜ್ಜಾಟವೇ ಗುಂಡನ್ನು ಹಿಂದೆಳೆಯತೊಡಗುತ್ತದೆ. ಕೊನೆಗೆ ಪಿಸ್ತೂಲಿನ ಹಿಡಿಯ ಜಾಗಕ್ಕೆ ಹೆಗಲಿಗೆ ಆನಿಸುವ ಬುಡ ಬಂದೊಡನೆ ಅಲುಗುತ್ತಿದ್ದ ಕೈಗೆ ಭುಜದ ಆಸರೆ ಸಿಕ್ಕುತ್ತದೆ. ಪಿಸ್ತೂಲು ಬಂದೂಕಾಗುವುದು ಹೀಗೆ. ಬಿಡಿಭಾಗಗಳ ರಸೀತಿಗಳನ್ನು ಕೂಡಿ ನೋಡಿದರೆ ಅವುಗಳ ಬೆಲೆ ಪಿಸ್ತೂಲಿನ ಬೆಲೆಯನ್ನು ಮೀರಿರುತ್ತದೆ. ಆ ಲೆಕ್ಕವನ್ನು ಮಡದಿಗೆ ಒಪ್ಪಿಸುವ ಕಷ್ಟ ಮಾತ್ರ ಯಾವ ಉಪಕರಣದಿಂದಲೂ ಪರಿಹಾರವಾಗುವಂಥದಲ್ಲ.

ಇಷ್ಟೆಲ್ಲ ಆದ ಮೇಲೆ ಚಳಿಗಾಲ ಬರುತ್ತದೆ. ಇದ್ದಕ್ಕಿದ್ದಂತೆ ಗುಂಡುಗಳು ಗುರಿಯ ಕೆಳಗೆ ಬೀಳತೊಡಗುತ್ತವೆ. ಈಗ ತಪ್ಪು ನಳಿಗೆಯದೂ ಅಲ್ಲ, ಕೈಯದೂ ಅಲ್ಲ, ಹವೆಯದು. ೨೦ ಡಿಗ್ರಿ ಉಷ್ಣತೆಯಲ್ಲಿ ಬುಡ್ಡಿಯೊಳಗಿನ ಅನಿಲದ ಒತ್ತಡ ವಾಯುಮಂಡಲದ ಒತ್ತಡಕ್ಕಿಂತ ಸುಮಾರು ೫೭ ಪಟ್ಟು. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಅದು ೩೫ರ ಸುಮಾರಿಗೆ ಇಳಿಯುತ್ತದೆ. ಬೇಗ ಬೇಗ ಹೊಡೆದರೂ ಇದೇ ಪಾಡು, ಏಕೆಂದರೆ ಪ್ರತಿಯೊಂದು ಗುಂಡೂ ಬುಡ್ಡಿಯನ್ನು ತಣ್ಣಗಾಗಿಸುತ್ತದೆ. ಸೆಕೆಯಲ್ಲಿ ಇದಕ್ಕೆ ವಿರುದ್ಧವಾದ ಅಪಾಯ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಇಂಥ ಬುಡ್ಡಿಗಳನ್ನು ಬಿಟ್ಟುಹೋಗುವುದು ಸರ್ವಥಾ ಕೂಡದು.

ದಾಟಬಾರದ ಗೆರೆ

ಈ ಹವ್ಯಾಸದಲ್ಲಿ ನಿಜವಾದ ಪರೀಕ್ಷೆ ನಡೆಯುವುದು ಕುದುರೆಯ ಬಳಿಯಲ್ಲಿ. ಎಳೆತ ಹಗುರವಾದಷ್ಟೂ ಗುರಿ ಕದಲುವುದಿಲ್ಲವೆಂಬುದು ನಿಜ. ಆದರೆ ಅತಿಯಾಗಿ ಹಗುರ ಮಾಡಿದ ಕುದುರೆ ಸಣ್ಣದೊಂದು ತಾಗುವಿಕೆಗೇ ಜಾರಿ, ಮನಸ್ಸು ಮಾಡುವ ಮುನ್ನವೇ ಗುಂಡು ಹಾರೀತು. ಒಲಿಂಪಿಕ್ಸಿನ ಹತ್ತು ಮೀಟರ್ ಗಾಳಿ ಪಿಸ್ತೂಲು ಸ್ಪರ್ಧೆಯಲ್ಲಿಯೂ ಕುದುರೆಯ ಎಳೆತ ೫೦೦ ಗ್ರಾಂಗಿಂತ ಕಡಿಮೆಯಿರಬಾರದೆಂಬ ಕಟ್ಟಳೆ ಇದೆ. ನೆಲಮಾಳಿಗೆಯ ಹವ್ಯಾಸಿಗೆ ಅಂಥ ತೀರ್ಪುಗಾರನಿಲ್ಲ. ಮೇಲಿನ ಕೋಣೆಯಿಂದ ಮೆಟ್ಟಿಲಿಳಿದು ಬರುವ ಮಗುವಿನ ಕಣ್ಣುಗಳ ಹೊಣೆ ಅವನೊಬ್ಬನದೇ. ಆದುದರಿಂದಲೇ ಹಳಬರು ಕಣ್ಣಿಗೆ ರಕ್ಷಣೆಯ ಕನ್ನಡಕವಿಲ್ಲದೆ ಗುಂಡು ಹೊಡೆಯುವುದಿಲ್ಲ, ಗುಂಡಿಲ್ಲದ ಪಿಸ್ತೂಲನ್ನೂ ಯಾರ ಕಡೆಗೂ ತಿರುಗಿಸುವುದಿಲ್ಲ, ಸೀಸವನ್ನು ಮುಟ್ಟಿದ ಕೈಯನ್ನು ತೊಳೆಯದೆ ಊಟಕ್ಕೆ ಕೂರುವುದಿಲ್ಲ.

ಕಾನೂನಿನ ಗೆರೆ ಒಂದೊಂದು ದೇಶದಲ್ಲಿ ಒಂದೊಂದು ಬಗೆ. ಬ್ರಿಟನ್ನಿನಲ್ಲಿ ಗಾಳಿ ಪಿಸ್ತೂಲಿಗೆ ೬ ಅಡಿ-ಪೌಂಡು, ಉದ್ದ ಬಂದೂಕಿಗೆ ೧೨ ಅಡಿ-ಪೌಂಡು ಶಕ್ತಿಯ ಮಿತಿ ಇದೆ. ಸ್ಕಾಟ್‌ಲೆಂಡಿನಲ್ಲಿ ೨೦೧೬ರ ಡಿಸೆಂಬರ್ ಕೊನೆಯಿಂದ ಗಾಳಿಬಂದೂಕಿಗೂ ಪರವಾನಗಿ ಬೇಕಾಯಿತು. ಭಾರತದ ೨೦೧೬ರ ಆಯುಧ ನಿಯಮಗಳ ಪ್ರಕಾರ ಶಕ್ತಿ ೨೦ ಜೂಲನ್ನು ಅಥವಾ ನಳಿಗೆಯ ಒಳಗಿನ ಅಳತೆ ೪.೫ ಮಿಲಿಮೀಟರನ್ನು ಮೀರಿದ ಗಾಳಿ ಆಯುಧಕ್ಕೆ ಪರವಾನಗಿ ಅಗತ್ಯ. ೨೨೪೦ರ ಶಕ್ತಿ ೯ ಜೂಲ್ ಮಾತ್ರ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಅದರ ನಳಿಗೆ ೫.೫ ಮಿಲಿಮೀಟರಿನದು. ಅಮೆರಿಕದಲ್ಲಿ ಶನಿವಾರದ ವಿನೋದವಾದದ್ದು ನಮ್ಮಲ್ಲಿ ಪರವಾನಗಿಯಿಲ್ಲದೆ ಇಟ್ಟುಕೊಂಡರೆ ಅಪರಾಧವಾದೀತು. ಗಾಳಿ ಪಿಸ್ತೂಲನ್ನು ಮದ್ದಿನ ಗುಂಡು ಹಾರಿಸುವಂತೆ ಮಾರ್ಪಡಿಸುವ ಯೋಚನೆಯಂತೂ ಹವ್ಯಾಸದ ಹೆಸರಿಗೇ ತಕ್ಕುದಲ್ಲ.

ಕೈಯೋ, ಯಂತ್ರವೋ?

ಯಂತ್ರದ ತಪ್ಪು ಎಷ್ಟು ದುಬಾರಿಯಾಗಬಲ್ಲದೆಂಬುದಕ್ಕೆ ಭಾರತೀಯರಿಗೆಲ್ಲ ನೆನಪಿರುವ ನಿದರ್ಶನವೊಂದಿದೆ. ೨೦೨೧ರ ಜುಲೈನಲ್ಲಿ ಟೋಕಿಯೋ ಒಲಿಂಪಿಕ್ಸಿನ ಹತ್ತು ಮೀಟರ್ ಸ್ಪರ್ಧೆಯ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೆಟ್ಟುನಿಂತಿತು. ದುರಸ್ತಿಯಲ್ಲಿ ಅಮೂಲ್ಯವಾದ ನಿಮಿಷಗಳು ಕಳೆದುಹೋದವು; ಅಂತಿಮ ಸುತ್ತು ಸ್ವಲ್ಪದರಲ್ಲಿ ಕೈತಪ್ಪಿತು. ಮೂರು ವರ್ಷಗಳ ಅನಂತರ, ೨೦೨೪ರ ಜುಲೈ ೨೮ರಂದು, ಪ್ಯಾರಿಸ್ಸಿನಲ್ಲಿ ಅದೇ ಸ್ಪರ್ಧೆಯಲ್ಲಿ ಅವರು ಕಂಚಿನ ಪದಕವನ್ನು ಗೆದ್ದರು. ಶೂಟಿಂಗಿನಲ್ಲಿ ಒಲಿಂಪಿಕ್ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಅವರು. ಹತ್ತು ಅಂಕದ ವೃತ್ತದ ಅಡ್ಡಳತೆ ೧೧.೫ ಮಿಲಿಮೀಟರ್ ಮಾತ್ರ. ಅಂಗಿಯ ಗುಂಡಿಯೊಂದರ ಅಗಲ. ಅಲ್ಲಿ ಯಂತ್ರ ನಂಬಿಕೆಗೆ ಅರ್ಹವಾಗಿರಬೇಕು. ಆಮೇಲೆ ಉಳಿಯುವುದು ಕೈ ಮತ್ತು ಮನಸ್ಸು.

ನೆಲಮಾಳಿಗೆಯ ಹವ್ಯಾಸಿಯೂ ಕೊನೆಗೆ ಅಲ್ಲಿಗೇ ಬರುತ್ತಾನೆ. ಅಂಚುಗಳು ನಯವಾದವು, ನಳಿಗೆ ಹೊಸದಾಯಿತು, ಭುಜಕ್ಕೆ ಆಸರೆ ಬಂತು, ಹವೆಯ ಲೆಕ್ಕ ತಿಳಿಯಿತು. ಆದರೂ ಹತ್ತನೆಯ ಗುಂಡು ದೂರ ಹೋಗಿ ಬೀಳುತ್ತದೆ. ಟಿಪ್ಪಣಿ ಪುಸ್ತಕವನ್ನು ಹಿಂದಕ್ಕೆ ಮಗುಚಿ ನೋಡಿದರೆ ದೂರಲು ಯಂತ್ರದಲ್ಲಿ ಇನ್ನೇನೂ ಉಳಿದಿಲ್ಲ. ಆತ ನಸುನಕ್ಕು, ಆ ತೂತಿನ ಪಕ್ಕದಲ್ಲಿ ಪೆನ್ಸಿಲಿನಿಂದ “ನನ್ನದು” ಎಂದು ಬರೆಯುತ್ತಾನೆ. ಅಗ್ಗದ ಪಿಸ್ತೂಲಿಗೆ ಕೊಟ್ಟ ಹಣ ತೀರಿಬಂದದ್ದು ಆ ಒಂದು ಪದದಲ್ಲಿ.